ಪೇಟೆಬೀದಿಯ ಬಿಲ್ಲಿಂಗ್ ಜಾಲ: ಮಂಡ್ಯ, ಮದ್ದೂರು, ಮಳವಳ್ಳಿಯ ಅಂಗಡಿಗಳಲ್ಲಿ ಕಂಪ್ಯೂಟರ್ ಸಂಪರ್ಕ ಬೆಳೆದ ಬಗೆ

ಸರಕು, ಬೆಲೆ, ತೆರಿಗೆ, ಹಣ ಇವು ನಾಲ್ಕೂ ಗಿರಾಕಿಯ ಎದುರಿನಲ್ಲಿಯೇ ಒಟ್ಟಿಗೆ ದಾಖಲಾಗುವ ಏರ್ಪಾಡಿಗೆ ಪಾಯಿಂಟ್ ಆಫ್ ಸೇಲ್, ಅಂದರೆ ಪಿಒಎಸ್, ಎಂಬ ಹೆಸರಿದ್ದರೂ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಮದ್ದೂರು, ಮಳವಳ್ಳಿಗಳ ಪೇಟೆಬೀದಿಗಳಲ್ಲಾಗಲಿ ಅದನ್ನು ‘ಬಿಲ್ಲಿಂಗ್’ ಎಂದೇ ಕರೆಯುತ್ತಾರೆ. ಅಂಗಡಿಯ ಹಲವು ಕೌಂಟರುಗಳು ಒಂದೇ ದಾಸ್ತಾನಿನ ಲೆಕ್ಕವನ್ನು ಹಂಚಿಕೊಳ್ಳುವಂತೆ ಕಂಪ್ಯೂಟರುಗಳನ್ನು ಜೋಡಿಸಿದಾಗ ಅದು ಬಿಲ್ಲಿಂಗ್ ಜಾಲವಾಗುತ್ತದೆ. ಈ ಮೂರು ಊರುಗಳಂಥ ಪೇಟೆಗಳಲ್ಲಿ ಇಂಥ ಜಾಲ ಹರಡಿದ್ದಕ್ಕೆ ಕಂಪ್ಯೂಟರ್ ವಿಜ್ಞಾನದ ಮುನ್ನಡೆಗಿಂತ ತೆರಿಗೆ, ಸಬ್ಸಿಡಿ ಮತ್ತು ಹಣಪಾವತಿಯ ನಿಯಮಗಳ ಒತ್ತಡವೇ ಹೆಚ್ಚಿನ ಕಾರಣವೆಂಬುದು ಅದರ ಇತಿಹಾಸವನ್ನು ನೋಡಿದರೆ ತಿಳಿಯುತ್ತದೆ.

ಮೂಲ ಸಲಕರಣೆಗಳೆಲ್ಲ ಅಮೆರಿಕದಲ್ಲಿ ಹುಟ್ಟಿದವು. 1879ರಲ್ಲಿ ಒಹಾಯೊ ರಾಜ್ಯದ ಡೇಟನ್ನಿನಲ್ಲಿ ಜೇಮ್ಸ್ ರಿಟ್ಟಿ ರೂಪಿಸಿದ ಗಲ್ಲಾಯಂತ್ರದ ಉದ್ದೇಶ ನೌಕರರು ಹಣ ಕದಿಯದಂತೆ ತಡೆಯುವುದಷ್ಟೇ ಆಗಿತ್ತು. ಕಂಪ್ಯೂಟರುಗಳನ್ನು ತಂತಿಯಿಂದ ಬೆಸೆಯುವ ಈಥರ್ನೆಟ್ ವಿಧಾನ 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಮರುವರ್ಷದ ಜೂನ್ 26ರಂದು ಒಹಾಯೊದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದು ಬಾರ್‌ಕೋಡಿನ ಮೂಲಕ ಮೊದಲ ಬಾರಿಗೆ ಬಿಲ್ಲಾಯಿತು. ಇಂದು ಜಿಎಸ್1 ಇಂಡಿಯಾ ಎಂದು ಕರೆಸಿಕೊಳ್ಳುವ ಸಂಸ್ಥೆ 1996ರಲ್ಲಿ ಸ್ಥಾಪನೆಯಾದ ಮೇಲೆ 890ರಿಂದ ಆರಂಭವಾಗುವ ಸಂಖ್ಯೆಗಳನ್ನು ಹೊತ್ತ ಪೊಟ್ಟಣಗಳು ಭಾರತದ ಅಂಗಡಿಗಳಿಗೂ ಬರತೊಡಗಿದವಾದರೂ, ಓದುವ ಯಂತ್ರವೇ ಇಲ್ಲದ ಸಣ್ಣ ಪೇಟೆಗಳಲ್ಲಿ ಆ ಗೆರೆಗಳು ಬಹುಕಾಲ ಪೊಟ್ಟಣದ ಅಲಂಕಾರವಾಗಿಯೇ ಉಳಿದವು.

ಅಲ್ಲಿ ಕಿರ್ದಿ, ಖತಾವಣಿ ಮತ್ತು ಉದ್ರಿ ಪುಸ್ತಕಗಳಿಂದಲೇ ಕೆಲಸ ನಡೆಯುತ್ತಿತ್ತು. 1986ರಲ್ಲಿ ಆರಂಭವಾದ ಬೆಂಗಳೂರಿನ ಸಂಸ್ಥೆಯೊಂದು ಬೆಳೆಸಿದ ಟ್ಯಾಲಿ ತಂತ್ರಾಂಶ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಸಾಗಿಸಿತಾದರೂ ಆ ಯಂತ್ರ ಇದ್ದದ್ದು ಲೆಕ್ಕ ಬರೆಯುವವರ ಮೇಜಿನ ಮೇಲೆಯೇ ಹೊರತು ಕೌಂಟರಿನಲ್ಲಿ ಅಲ್ಲ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ, ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ಎರಡೂ ಕಡೆಯ ಬಿಲ್ಲುಗಳು ತಾಳೆಯಾಗಬೇಕಾಯಿತು. 2017ರ ಜುಲೈ 1ರ ಜಿಎಸ್‌ಟಿ ಇದಕ್ಕೆ ಸರಕಿನ ವರ್ಗವನ್ನು ಸೂಚಿಸುವ ಎಚ್‌ಎಸ್‌ಎನ್ ಸಂಖ್ಯೆಯನ್ನೂ ಆನ್‌ಲೈನ್ ರಿಟರ್ನ್ಸ್ ಅನ್ನೂ ಸೇರಿಸಿತು. ದಿನಸಿ ಅಂಗಡಿಯ ಹಲವು ದರಗಳ ತೆರಿಗೆಯನ್ನು ಸಂಜೆ ಕೂತು ಕೈಯಿಂದ ಬಿಡಿಸುವುದು ಆಗದ ಮಾತಾದ್ದರಿಂದ ಬಿಲ್ಲಿನ ಗಳಿಗೆಯಲ್ಲಿಯೇ ಲೆಕ್ಕ ಹಿಡಿಯುವುದು ಅನಿವಾರ್ಯವಾಯಿತು, ಮತ್ತು ಎರಡನೆಯ ಕೌಂಟರ್ ಇದ್ದ ಅಂಗಡಿಗೆ ಜಾಲವೂ ಬೇಕಾಯಿತು.

ಅಂಗಡಿಯೊಳಗಿನ ಈ ಜಾಲದ ರಚನೆ ಸರಳವಾದದ್ದೇ. ದತ್ತಾಂಶವನ್ನು ಇಟ್ಟುಕೊಳ್ಳುವ ಒಂದು ಕಂಪ್ಯೂಟರ್ ಸರ್ವರ್ ಆಗುತ್ತದೆ. ಕೌಂಟರಿನ ಕಂಪ್ಯೂಟರುಗಳು, ಬಿಲ್ ಮುದ್ರಿಸುವ ಥರ್ಮಲ್ ಪ್ರಿಂಟರುಗಳು ಕ್ಯಾಟ್-6 ಕೇಬಲ್ ಮೂಲಕ ಸ್ವಿಚ್ ಎಂಬ ಪೆಟ್ಟಿಗೆಗೆ ಬಂದು ಸೇರುತ್ತವೆ. ಈ ತಾಮ್ರದ ಕೇಬಲ್ ಒಂದೆಳೆಯಲ್ಲಿ 100 ಮೀಟರ್ ದಾಟಬಾರದೆಂಬ ಮಿತಿ ಪೇಟೆಬೀದಿಯ ಅಂಗಡಿಗೆ ಅಡ್ಡಿಯಾಗುವುದು ಅಪರೂಪ; ಬೇರೊಂದು ಬೀದಿಯಲ್ಲಿ ಗೋದಾಮು ಇದ್ದಾಗ ಮಾತ್ರ ಫೈಬರಿನ ಪ್ರಶ್ನೆ ಏಳುತ್ತದೆ. ಪ್ರತಿಯೊಂದು ಯಂತ್ರಕ್ಕೂ ಜಾಲದೊಳಗೆ ಒಂದು ಐಪಿ ವಿಳಾಸವಿರುತ್ತದೆ. ಸರ್ವರ್ ಮತ್ತು ಪ್ರಿಂಟರುಗಳ ವಿಳಾಸವನ್ನು ಬದಲಾಗದಂತೆ ನಿಗದಿ ಮಾಡದಿದ್ದರೆ ಒಂದು ಬೆಳಗ್ಗೆ ಕರೆಂಟು ಹೋಗಿ ಬಂದ ಮೇಲೆ ಕೌಂಟರಿಗೆ ತನ್ನ ಪ್ರಿಂಟರ್ ಕಾಣದಂತಾಗುತ್ತದೆ. ಕಂಪ್ಯೂಟರುಗಳಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ಮಾತ್ರ ಗೋಡೆಯ ಪ್ಲಗ್ಗಿಗೆ ಬಿಡುವುದು ಇನ್ನೊಂದು ಸಾಮಾನ್ಯ ಲೋಪ. ಆಗ ಪರದೆಗಳೆಲ್ಲ ಬೆಳಗುತ್ತಿದ್ದರೂ ಬಿಲ್ ಮಾತ್ರ ಆಗುವುದಿಲ್ಲ. 1902ರಷ್ಟು ಹಿಂದೆಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದ್ದರೂ ಅಲ್ಲಿಯ ಅಂಗಡಿಯವರೂ ಬ್ಯಾಟರಿಗೆ ಹಣ ತೆಗೆದಿಡಲೇಬೇಕು.

ಜಾಲದ ನಿಜವಾದ ಪ್ರಯೋಜನ ಕಾಣುವುದು ತಕ್ಕಡಿಯಲ್ಲಿ. ಬೇಳೆ, ಬೆಲ್ಲ, ಅಕ್ಕಿಯನ್ನು ಬಿಡಿಯಾಗಿ ತೂಗುವ ಅಂಗಡಿಯ ತಕ್ಕಡಿ ಮುದ್ರಿಸುವ ಚೀಟಿಯಲ್ಲಿ 2ರಿಂದ ಶುರುವಾಗುವ 13 ಅಂಕಿಗಳ ಬಾರ್‌ಕೋಡ್ ಇರುತ್ತದೆ. ಈ ಸರಣಿಯನ್ನು ಅಂಗಡಿಗಳ ಒಳಬಳಕೆಗೆಂದೇ ಬಿಟ್ಟಿದ್ದಾರೆ. ಸಾಮಾನ್ಯ ಹೊಂದಿಕೆಯಲ್ಲಿ ಮೊದಲೆರಡು ಅಂಕಿಗಳ ನಂತರದ ಐದು ಅಂಕಿಗಳು ಸರಕನ್ನೂ ಮುಂದಿನ ಐದು ತೂಕವನ್ನೋ ಬೆಲೆಯನ್ನೋ ಹೇಳುತ್ತವೆ, ಕಡೆಯ ಅಂಕಿ ಓದಿದ್ದು ಸರಿಯೇ ಎಂದು ಪರೀಕ್ಷಿಸುತ್ತದೆ. ತಕ್ಕಡಿ ಜಾಲದಲ್ಲಿಲ್ಲದಿದ್ದರೆ ಸರ್ವರಿನಲ್ಲಿ ಏರಿಸಿದ ಬೆಲ್ಲದ ದರ ತಕ್ಕಡಿಗೆ ಗೊತ್ತಾಗುವುದಿಲ್ಲ. ಹೀಗಾಗಿ ಚೀಟಿಯ ಬೆಲೆ ಒಂದು, ಬಿಲ್ಲಿನ ಬೆಲೆ ಇನ್ನೊಂದು ಆಗಿ ಕೌಂಟರಿನಲ್ಲಿ ಜಗಳ ಹುಟ್ಟುತ್ತದೆ.

ಸುರಕ್ಷತೆಯ ವಿಚಾರ ತಡವಾಗಿ ಬಂದಿತು. ಫೈಲುಗಳನ್ನು ಹಂಚಿಕೊಳ್ಳಲು ವಿಂಡೋಸ್ ಬಳಸುವ ವಿಧಾನದ ದೋಷದ ಮೂಲಕ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನೆಲ್ಲೆಡೆ ಹರಡಿದ ಮೇಲೆ, ಸರ್ವರಿನ ಫೋಲ್ಡರನ್ನು ಎಲ್ಲರಿಗೂ ತೆರೆದಿಡುವುದು ಅಪಾಯವೆಂಬುದು ನಿಚ್ಚಳವಾಯಿತು. ಸಿಸಿಟಿವಿ ಕ್ಯಾಮೆರಾಗಳನ್ನೂ ಗಿರಾಕಿಗಳ ವೈಫೈಯನ್ನೂ ಬಿಲ್ಲಿಂಗಿನಿಂದ ಬೇರ್ಪಡಿಸಬೇಕೆಂಬ ಪಾಠ ಇನ್ನೂ ಎಲ್ಲ ಕಡೆ ಇಳಿದಿಲ್ಲ.

ಅಂಗಡಿಯೊಳಗಿನ ಜಾಲಕ್ಕೆ ತೀರ ಭಿನ್ನವಾದ ಮಾದರಿಯನ್ನು ಸರ್ಕಾರವೇ ತಂದಿತು. ರಸಗೊಬ್ಬರದ ಸಬ್ಸಿಡಿಯನ್ನು ನಿಜವಾದ ಮಾರಾಟದ ಲೆಕ್ಕಕ್ಕೆ ಬೆಸೆಯುವ ಪಿಒಎಸ್ ಯಂತ್ರಗಳು 2018ರ ಮಾರ್ಚ್ ಹೊತ್ತಿಗೆ ದೇಶದಾದ್ಯಂತ ಗೊಬ್ಬರದ ಅಂಗಡಿಗಳನ್ನು ತಲುಪಿದವು. ನ್ಯಾಯಬೆಲೆ ಅಂಗಡಿಗಳಲ್ಲಿಯೂ ಬೆರಳಚ್ಚಿನ ಯಂತ್ರಗಳು ಬಂದವು. ಕಬ್ಬು, ಭತ್ತದ ಈ ಜಿಲ್ಲೆಯಲ್ಲಿ ಹಲವು ರೈತರಿಗೆ ಪಿಒಎಸ್ ಎಂದರೆ ಯೂರಿಯಾ ಮೂಟೆಗಾಗಿ ಬೆರಳೊತ್ತುವ ಯಂತ್ರವೇ. ಇಲ್ಲಿ ಅಂಗಡಿಯೊಳಗೆ ಜಾಲವೆಂಬುದೇ ಇಲ್ಲ. ಪ್ರತಿ ಬಾರಿಯೂ ದೂರದ ಸರ್ವರ್ ಒಪ್ಪಿದರೆ ಮಾತ್ರ ಸರಕು ಕೈಗೆ ಬರುತ್ತದೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಹಳ್ಳಿಗಳಲ್ಲಿ ಬಳಕೆಗೆ ಬಂದದ್ದು ಇದರಿಂದ.

2016ರ ಏಪ್ರಿಲ್‌ನಲ್ಲಿ ಆರಂಭವಾಗಿ ಅದೇ ವರ್ಷದ ನವೆಂಬರಿನ ನೋಟು ರದ್ದತಿಯ ನಂತರ ಹಬ್ಬಿದ ಯುಪಿಐ ಮೂರನೆಯದೊಂದು ದಾರಿ ತೆರೆಯಿತು. ಕ್ಯೂಆರ್ ಕೋಡ್ ಮತ್ತು ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಸಾಕಾದ್ದರಿಂದ ಎಳನೀರು ಮಾರುವವರೂ ಯಾವ ಕಂಪ್ಯೂಟರೂ ಇಲ್ಲದೆ ಡಿಜಿಟಲ್ ವ್ಯಾಪಾರಿಗಳಾದರು. ಆದರೆ ಪಾವತಿ ಒಂದು ಜಾಲದಲ್ಲಿ, ಬಿಲ್ ಇನ್ನೊಂದರಲ್ಲಿ ಉಳಿದುಬಿಟ್ಟಿತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಈ ಬಿರುಕಿನ ಬೆಲೆ ಗೊತ್ತಾಯಿತು: ಬಂದ ಹಣದಲ್ಲಿ ತೆರಿಗೆಯಿಲ್ಲದ ಹಾಲು, ತರಕಾರಿಯ ಪಾಲೆಷ್ಟು ಎಂಬುದಕ್ಕೆ ಬಿಲ್ಲಿನ ದಾಖಲೆ ಇಲ್ಲದವರು ಬಾಯಿಮಾತಿನಲ್ಲಿ ಉತ್ತರಿಸಬೇಕಾಯಿತು.

ಇತ್ತೀಚಿನ ತಂತ್ರಾಂಶಗಳು ದತ್ತಾಂಶವನ್ನು ದೂರದ ಕ್ಲೌಡ್ ಸರ್ವರುಗಳಿಗೆ ಒಯ್ಯುತ್ತಿವೆ. ಹಲವು ಮಳಿಗೆಗಳ ಮಾಲೀಕರಿಗೆ ಇದು ಅನುಕೂಲವೇ. ಆದರೆ ರಸ್ತೆ ಅಗೆದಾಗಲೆಲ್ಲ ಕೇಬಲ್ ತುಂಡಾಗುವ ಊರುಗಳಲ್ಲಿ ಒಳಗಿನ ಜಾಲವನ್ನು ಕಿತ್ತೊಗೆಯುವುದು ಜಾಣತನವಲ್ಲ. ಕೌಂಟರ್ ತನ್ನಲ್ಲಿಯೇ ಬಿಲ್ ಹಾಕಿಕೊಂಡು ಸಂಪರ್ಕ ಮರಳಿದಾಗ ಕ್ಲೌಡಿಗೆ ಒಪ್ಪಿಸುವ ಮಿಶ್ರ ವ್ಯವಸ್ಥೆಯೇ ಇಲ್ಲಿಗೆ ಒಗ್ಗುವುದು. ಫೈಬರ್ ನಿಂತಾಗ ಸಿಮ್ ಕಾರ್ಡಿಗೆ ತಾನೇ ಹೊರಳುವ ರೂಟರ್ ಅದಕ್ಕೆ ನೆರವಾಗುತ್ತದೆ. ಸಂಪರ್ಕವಿಲ್ಲದ ಹೊತ್ತಿನಲ್ಲಿ ಎರಡು ಕೌಂಟರುಗಳು ಒಂದೇ ಬಿಲ್ ಸಂಖ್ಯೆಯನ್ನು ಕೊಟ್ಟುಬಿಡಬಹುದೆಂಬ ತೊಡಕಿಗೆ ಜಿಎಸ್‌ಟಿ ನಿಯಮದಲ್ಲಿಯೇ ಪರಿಹಾರವಿದೆ. ಆರ್ಥಿಕ ವರ್ಷವೊಂದರಲ್ಲಿ ಪುನರಾವರ್ತನೆಯಾಗದ, 16 ಅಕ್ಷರಗಳನ್ನು ಮೀರದ ಕ್ರಮಸಂಖ್ಯೆ ಇರಬೇಕೆನ್ನುವ ಆ ನಿಯಮ ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಅವಕಾಶ ಕೊಡುವುದರಿಂದ, ಒಂದನೆಯ ಕೌಂಟರಿಗೆ ಎ ಎಂದೂ ಎರಡನೆಯದಕ್ಕೆ ಬಿ ಎಂದೂ ಬೇರೆ ಬೇರೆ ಸರಣಿ ಕೊಟ್ಟರೆ ಇಡೀ ದಿನ ನೆಟ್ ಇಲ್ಲದಿದ್ದರೂ ಬಿಲ್ಲುಗಳು ಒಂದನ್ನೊಂದು ತುಳಿಯುವುದಿಲ್ಲ.