ಏಳು ಅಂಕಣದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಳೆಯ ಮನೆ ರಿಪೇರಿ ಮಾಡಿ ನೋಡು ಎಂಬ ಮೂರನೆಯ ಮಾತನ್ನು ಯಾಕೆ ಬಿಟ್ಟರೋ ಕಾಣೆ. ಹೊಸ ಮನೆಗಾದರೆ ಖಾಲಿ ನಿವೇಶನ, ಖಾಲಿ ಕಾಗದ. ಹಳೆಯ ಮನೆಯಲ್ಲಿ ಒಂದು ಗೋಡೆ ಕದಲಿಸಲು ಹೋದರೂ ಅದರ ಹಿಂದಿನಿಂದ ಹಳೆಯ ಕಥೆಗಳೆಲ್ಲ ಎದ್ದು ಬರುತ್ತವೆ. 2022ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಮನೆಯನ್ನು ಸರಿಮಾಡಿಸಲು ಹೊರಟಾಗ ನನಗೆ ಆದದ್ದು ಇದೇ. ಮಕ್ಕಳಿಗೆ ಮೌರ್ಯರಿಂದ ಹಿಡಿದು ಒಡೆಯರವರೆಗೆ ಸಮಾಜ ಪಾಠ ಹೇಳಿಕೊಂಡು ಬಂದ ನನಗೆ, ನಾನು ಸೊಸೆಯಾಗಿ ಬಂದ ಮನೆಯ ಚರಿತ್ರೆಯೇ ತಿಳಿದಿರಲಿಲ್ಲ.

ಚಿಕ್ಕಬಳ್ಳಾಪುರದ ಎಂಜಿನಿಯರೊಬ್ಬರು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಕೊಟ್ಟರು. ದೊಡ್ಡ ಹಾಲು, ಅದಕ್ಕೇ ತೆರೆದುಕೊಂಡ ಅಡುಗೆಮನೆ, ನೈರುತ್ಯಕ್ಕೆ ಮಾಸ್ಟರ್ ಬೆಡ್‌ರೂಮು, ಮಗನಿಗೊಂದು ಕೋಣೆ, ನೆಂಟರಿಗೊಂದು, ದೇವರಿಗೊಂದು. ಎಲ್ಲರೂ ಮೆಚ್ಚಿಕೊಂಡು ನೋಡಿದೆವು. ‘ಅಜ್ಜಿ ಎಲ್ಲಿ ಮಲಗೋದು?’ ಎಂದು ಕೇಳಿದವನು ನನ್ನ ಮಗ. ‘ಹಾಲಿನಲ್ಲಿ ಒಂದು ದಿವಾನ ಹಾಕಿದರಾಯಿತು’ ಎಂದರು ಯಜಮಾನರು. ನಮ್ಮ ಅತ್ತೆಯೂ ಅದಕ್ಕೇ ದನಿಗೂಡಿಸಿದರು: ‘ನಂಗ್ಯಾಕಮ್ಮ ರೂಮು? ಯಾವತ್ತು ನಾನು ರೂಮಲ್ಲಿ ಮಲಗಿದ್ದೆ?’

ಅದು ಅವರ ಸಂಕೋಚದ ಮಾತು ಎಂದುಕೊಂಡು ಸುಮ್ಮನಾದೆ. ರಾತ್ರಿ ಮಲಗಿದಾಗ ಹೊಳೆಯಿತು, ಅದು ಸಂಕೋಚವಲ್ಲ, ಸತ್ಯಸಂಗತಿ. 1960ರ ಸುಮಾರಿಗೆ ಮದುವೆಯಾಗಿ ಆ ಮನೆಗೆ ಬಂದವರು ಅರವತ್ತು ವರ್ಷ ಎಲ್ಲಿ ಮಲಗಿದ್ದರು? ಮರುದಿನದಿಂದ ಅವರನ್ನು ಕೂರಿಸಿಕೊಂಡು ಒಂದೊಂದೇ ಕೇಳತೊಡಗಿದೆ.

ನಮ್ಮದು ಏಳು ಅಂಕಣದ ಮನೆ. ಈಗಿನವರು ಮನೆಯನ್ನು ಚದರದಲ್ಲಿ ಅಳೆಯುತ್ತಾರೆ, ಹಿಂದಿನವರು ಅಂಕಣದಲ್ಲಿ ಎಣಿಸುತ್ತಿದ್ದರು. ಎರಡು ತೊಲೆಗಳ ಅಥವಾ ಕಂಬಸಾಲುಗಳ ನಡುವಿನ ಜಾಗ ಒಂದು ಅಂಕಣ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಈ ನಾಲ್ಕೂ ತಾಲ್ಲೂಕುಗಳು ಬಂಡೆಯ ನಾಡು. ಮರಕ್ಕೆ ಬರ, ಕಲ್ಲಿಗೆ ಬರವಿಲ್ಲ. ಹೀಗಾಗಿ ಅನುಕೂಲವಿದ್ದವರ ಮನೆಗೆ ಕಲ್ಲು ಚಪ್ಪಡಿಯ ಸೂರು, ಇಲ್ಲದವರಿಗೆ ಮಣ್ಣಿನ ಮಾಳಿಗೆ. ಕಲ್ಲಿನ ಸ್ವಭಾವ ನೋಡಿ: ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಎಳೆತವನ್ನು ಮಾತ್ರ ತಡೆಯದು. ಎರಡು ಗೋಡೆಯ ಮೇಲೆ ಮಲಗಿಸಿದ ಚಪ್ಪಡಿ ಉದ್ದವಾದಷ್ಟೂ ಅದರ ಹೊಟ್ಟೆಯ ಭಾಗ ಕೆಳಗೆ ಎಳೆಯುತ್ತದೆ, ಅಲ್ಲೇ ಬಿರುಕು ಬಿಡುತ್ತದೆ. ನಮ್ಮ ಮನೆಯ ಚಪ್ಪಡಿಗಳು 9 ಅಡಿಯ ಅಂಕಣವನ್ನು ದಾಟುವುದಿಲ್ಲ. ಕೋಣೆಗಳೆಲ್ಲ ರೈಲು ಡಬ್ಬಿಯಂತೆ ಅಗಲ ಕಡಿಮೆ, ಉದ್ದ ಜಾಸ್ತಿ. ನಮ್ಮ ಅಜ್ಜಿಯರ ಕೋಣೆಯ ಅಗಲವನ್ನು ನಿರ್ಧರಿಸಿದ್ದು ಮನೆಯ ಯಜಮಾನನೂ ಅಲ್ಲ, ವಾಸ್ತುವೂ ಅಲ್ಲ, ಕಲ್ಲು.

ಇಲ್ಲಿಗೆ ಹತ್ತಿರದ ಮುದ್ದೇನಹಳ್ಳಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಅಲ್ಲಿ ಈಗ ವಸ್ತುಸಂಗ್ರಹಾಲಯವಾಗಿದೆ. ಅಷ್ಟು ದೊಡ್ಡ ಮನುಷ್ಯರ ಮನೆ ಇಷ್ಟು ಸಾದಾ ಎಂದು ಮಕ್ಕಳಿಗೆ ಆಶ್ಚರ್ಯ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಸಿಮೆಂಟಿನಿಂದಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದರು ಎಂದರೆ ಇನ್ನೂ ಆಶ್ಚರ್ಯ. ಸಿಮೆಂಟಿನೊಳಗೆ ಕಬ್ಬಿಣದ ಸರಳು ಹಾಕಿ ಎಳೆತವನ್ನು ಅದರ ಹೆಗಲಿಗೆ ದಾಟಿಸುವ ವಿದ್ಯೆ ನಮ್ಮ ಹಳ್ಳಿಗಳಿಗೆ ಬಂದದ್ದು ಬಹಳ ತಡವಾಗಿ. ಅದು ಬಂದ ಮೇಲೆಯೇ ನಡುವೆ ಕಂಬವಿಲ್ಲದ ‘ಹಾಲು’ ಎಂಬುದು ನಮ್ಮ ಕಡೆಯ ಮನೆಗಳೊಳಗೆ ಕಾಲಿಟ್ಟಿತು.

ಇನ್ನು ಆ ಏಳು ಅಂಕಣಗಳು ಯಾರ ಪಾಲಿಗಿದ್ದವು ಎಂಬ ಲೆಕ್ಕ. ಮುಂದಿನ ಜಗಲಿ ಮತ್ತು ಪಡಸಾಲೆ ಗಂಡಸರಿಗೆ. ಒಂದು ಅಂಕಣ ರಾಗಿ ತುಂಬುವ ವಾಡೆಗಳಿಗೆ. ಒಂದು ಅಡುಗೆಗೆ, ಮೂಲೆಯಲ್ಲಿ ಬಚ್ಚಲು. ನಡುಮನೆ ದೇವರಿಗೂ ಮಕ್ಕಳಿಗೂ ಸೇರಿ. ಎಲ್ಲಕ್ಕಿಂತ ಒಳ್ಳೆಯದು, ಗಾಳಿ ಬೆಳಕು ಎರಡೂ ಹದವಾಗಿದ್ದ ಉತ್ತರದ ಅಂಕಣ, ಹುಳುಗಳಿಗೆ!

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿದ ಎಂದು ಪಾಠದಲ್ಲಿ ಓದುತ್ತೇವೆ. ಆ ಹುಳು ಮೈಸೂರು ಸೀಮೆಯ ಹೆಂಗಸರ ಮಲಗುವ ಜಾಗವನ್ನು ಹಿಡಿಯಿತು ಎಂಬುದು ಪಾಠದಲ್ಲಿ ಇಲ್ಲ. 100 ಮೊಟ್ಟೆ ಸಾಕುತ್ತೇವೆ ಎಂದರೆ ನೂರು ಹುಳು ಎಂದುಕೊಳ್ಳಬೇಡಿ. ಒಂದು ಪತಂಗ ಇಟ್ಟ ಮೊಟ್ಟೆಗಳ ಗುಂಪೇ ಒಂದು ಲೆಕ್ಕ, ಅದರಲ್ಲಿ 400ರಿಂದ 500 ಹುಳು. ಮೊದಲ ದಿನ ಒಂದೆರಡು ತಟ್ಟೆಯಲ್ಲಿ ಹಿಡಿಸುವ ಆ ನಲವತ್ತು ಐವತ್ತು ಸಾವಿರ ಹುಳುಗಳು ನಾಲ್ಕು ಜ್ವರ ಕಳೆದು ಏಳುವ ಹೊತ್ತಿಗೆ ಕೋಣೆ ತುಂಬಿ, ನಡುಮನೆಗೆ ಬಂದು, ಪಡಸಾಲೆಯನ್ನೂ ಕೇಳುತ್ತವೆ. (ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.) ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಕೊನೆಯ ವಾರದಲ್ಲೇ ಖರ್ಚು. ರಾತ್ರಿಯೂ ಎದ್ದು ಹಾಕಬೇಕು. ‘ತಟ್ಟೆ ಸ್ಟ್ಯಾಂಡಿನ ಮಧ್ಯ ಚಾಪೆ ಹಾಸ್ಕೊಂಡು ಬಿದ್ಕೊತಿದ್ದೆ’ ಎಂದರು ಅತ್ತೆ. ‘ಹಣ್ಣಾದ ಹುಳ ಆರಿಸಿ ಚಂದ್ರಂಕಿಗೆ ಬಿಟ್ಟ ಮೇಲೇನೆ ನಿದ್ದೆ.’ ಮುಟ್ಟಿನ ದಿನಗಳಲ್ಲಿ ಹುಳದ ಮನೆಯ ಹೊಸಿಲು ತುಳಿಯುವಂತಿಲ್ಲ. ಆಗ ಹಿತ್ತಿಲ ಕೊಟ್ಟಿಗೆಯ ಮಗ್ಗುಲು. ಹೆರಿಗೆಗೆ ತವರು. ಅವರು ಹೇಳುತ್ತಾ ಹೋದರು, ನಾನು ನೋಟ್‌ಪುಸ್ತಕದಲ್ಲಿ ಬರೆಯುತ್ತಾ ಹೋದೆ. ಇಡೀ ಮನೆಯ ನೆಲದಲ್ಲಿ ಅವರು ಚಾಪೆ ಹಾಸದ ಅಂಕಣವಿರಲಿಲ್ಲ, ಅವರದೆಂಬ ಅಂಕಣವೂ ಇರಲಿಲ್ಲ.

1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನೇ ತಿಂದುಹಾಕುವ ಪಿಡುಗು. ಆಮೇಲೆ ಹುಳದ ಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಬಂತು. 1995ರಲ್ಲಿ ನಾನು ಮದುವೆಯಾಗಿ ಬಂದಾಗ ಸೊಳ್ಳೆಗಳು ನಮ್ಮನ್ನು ಕಚ್ಚುತ್ತಿದ್ದವು, ಹುಳುಗಳು ಪರದೆಯೊಳಗೆ ಸುಖವಾಗಿದ್ದವು. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಹುಳ ಸಾಯುತ್ತವೆ. ಮುಂದೆ ಸೊಪ್ಪು ಬಿಡಿಸುವ ಬದಲು ರೆಂಬೆಯನ್ನೇ ಕತ್ತರಿಸಿ ಹಾಸುವ ಪದ್ಧತಿ ಬಂದು, ತೋಟದಲ್ಲೇ ಬೇರೆ ಹುಳು ಸಾಕಣೆ ಮನೆ ಕಟ್ಟುವುದು ಹೆಚ್ಚಿತು. ನಾವೂ ಕಟ್ಟಿದೆವು. ಹುಳುಗಳು ಮನೆ ಬಿಟ್ಟವು. ಅವು ಬಿಟ್ಟ ಅಂಕಣ ಅತ್ತೆಗೆ ಬಂತೇ? ಇಲ್ಲ. ಮುರಿದ ಕುರ್ಚಿ, ಗೊಬ್ಬರದ ಚೀಲ, ಹಳೆಯ ಚಂದ್ರಂಕಿಗಳಿಗೆ ಬಂತು.

ಕೋಣೆಯೊಂದನ್ನು ಅದರಲ್ಲಿ ದುಡಿಯುವವರ ಕಾಲಿನ ಲೆಕ್ಕದಲ್ಲಿ ಯೋಜಿಸಬೇಕು ಎಂಬುದು ಜಗತ್ತಿಗೂ ಬಹಳ ಹಳೆಯ ವಿಚಾರವೇನಲ್ಲ. 1926ರಲ್ಲಿ ಮಾರ್ಗರೆಟೆ ಶ್ಯುಟೆ ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ವಸತಿಗಳಿಗೆ ಅಡುಗೆಮನೆಯೊಂದನ್ನು ರೂಪಿಸಿದಳು. ಗೃಹಿಣಿ ಎಷ್ಟು ಹೆಜ್ಜೆ ನಡೆಯುತ್ತಾಳೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ, ಸುಮಾರು 6 ಅಡಿ ಅಗಲ 11 ಅಡಿ ಉದ್ದದೊಳಗೆ ಎಲ್ಲವನ್ನೂ ಕೈಗೆಟುಕುವಂತೆ ಇಟ್ಟಳು. ಅಂಥವು 10,000ದಷ್ಟು ಆದವು. ಈಗಿನ ನಮ್ಮ ಕಟ್ಟೆಯ ಅಡುಗೆಮನೆಗಳೆಲ್ಲ ಒಂದರ್ಥದಲ್ಲಿ ಅದರ ಮೊಮ್ಮಕ್ಕಳು. ಆದರೆ ಅಲ್ಲಿ ಒಬ್ಬಳಿಗೆ ಮಾತ್ರ ಜಾಗ. ನಮ್ಮ ಮನೆಯಲ್ಲಿ ಒಬ್ಬರು ಒರಳ ಮುಂದೆ, ಒಬ್ಬರು ಒಲೆಯ ಮುಂದೆ, ಒಬ್ಬರು ಸೊಪ್ಪು ಬಿಡಿಸುತ್ತಾ ಕೂತರೇ ಅಡುಗೆ. ನಾನು ಕಟ್ಟೆಯನ್ನೂ ಇಟ್ಟೆ, ನೆಲದಲ್ಲಿ ಇಬ್ಬರು ಕೂರುವಷ್ಟು ಜಾಗವನ್ನೂ ಬಿಟ್ಟೆ.

ಎಂಜಿನಿಯರ ನಕ್ಷೆಯನ್ನು ಪಕ್ಕಕ್ಕಿಟ್ಟು ಮಕ್ಕಳ ಗ್ರಾಫ್ ಹಾಳೆ ತಂದೆ. ಒಂದು ಚೌಕ ಒಂದು ಅಡಿ. ಮಂಚ, ಬೀರು, ಅಡುಗೆ ಕಟ್ಟೆ ಎಲ್ಲವನ್ನೂ ಅದೇ ಅಳತೆಯಲ್ಲಿ ರಟ್ಟಿನಲ್ಲಿ ಕತ್ತರಿಸಿ ಹಾಳೆಯ ಮೇಲೆ ಸರಿಸಿ ಸರಿಸಿ ನೋಡಿದೆ. ನೀವೂ ಮಾಡಿ ನೋಡಿ. ಬಾಗಿಲು ತೆರೆದರೆ ಮಂಚಕ್ಕೆ ತಗಲುತ್ತದೆ ಎಂಬುದು ಗೋಡೆ ಏಳುವ ಮುಂಚೆಯೇ ತಿಳಿಯುತ್ತದೆ. 1970ರಲ್ಲಿ ಮೊದಲು ಬಂದು ಆಗಾಗ ಪರಿಷ್ಕೃತವಾಗಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ, ವಾಸದ ಕೋಣೆ ಕಡೇ ಪಕ್ಷ 9.5 ಚದರ ಮೀಟರ್, ಎಂದರೆ ಸುಮಾರು 102 ಚದರ ಅಡಿ ಇರಬೇಕು, ಅಗಲ 2.4 ಮೀಟರಿಗೆ ಕಡಿಮೆಯಿರಬಾರದು ಎನ್ನುತ್ತದೆ. ಹುಳದ ಮನೆ 9 ಅಡಿ ಅಗಲ, 20 ಅಡಿ ಉದ್ದ. ಹಿಂದಿನ 6 ಅಡಿಯನ್ನು ಬಚ್ಚಲಿಗೆ ಕೊಟ್ಟರೂ 126 ಚದರ ಅಡಿ ಉಳಿಯುತ್ತದೆ.

ಒಂದೇ ತೊಡಕು. ಹಾಲನ್ನು ದೊಡ್ಡದು ಮಾಡಲು ಎಂಜಿನಿಯರು ತೆಗೆಯಬೇಕೆಂದಿದ್ದ ಗೋಡೆ ಹುಳದ ಮನೆಯದೇ. ಯಜಮಾನರಿಗೆ ದೊಡ್ಡ ಹಾಲಿನ ಆಸೆ. ಮಗನ ಮದುವೆ ಮಾತುಕತೆ ಅಲ್ಲೇ ಆಗಬೇಕಲ್ಲ! ಎರಡು ದಿನ ಮನೆಯಲ್ಲಿ ಮಾತಿಲ್ಲ. ಆಗ ಬಂದ ಹಳೆಯ ಮೇಸ್ತ್ರಿ ಸೂರು ನೋಡಿ, ಚಪ್ಪಡಿಗಳು ಯಾವ ಕಡೆಗೆ ಮಲಗಿವೆ ಎಂದು ಬೆರಳಲ್ಲಿ ತೋರಿಸಿದ. ‘ಇವುಗಳ ತಲೆ ಈ ಗೋಡೆ ಮೇಲಿದೆ ಟೀಚರಮ್ಮ. ಇದು ಹೊರೋ ಗೋಡೆ. ಇದನ್ನ ಒಡೆದ್ರೆ ಸೂರು ನೆಲಕ್ಕೆ ಬರುತ್ತೆ. ಅಗೋ, ಚಪ್ಪಡಿ ಉದ್ದಕ್ಕೆ ಹೋಗಿರೋ ಆ ಗೋಡೆ ಬರೀ ಮರೆ, ಅದನ್ನ ಬೇಕಾದ್ರೆ ತೆಗೀರಿ.’ ಕಬ್ಬಿಣದ ತೊಲೆ ಕೊಟ್ಟು ತೆಗೆಯಬಹುದು ಎಂದರು ಎಂಜಿನಿಯರು. ಅದರ ಖರ್ಚು ಕೇಳಿ ಯಜಮಾನರೇ ಸುಮ್ಮನಾದರು. ನಾನು ಗೆದ್ದೆ ಎನ್ನಲಾರೆ, ಕಲ್ಲು ಗೆದ್ದಿತು.

ಅತ್ತೆಯನ್ನು ಆ ಕೋಣೆಗೆ ಕರೆದುಕೊಂಡು ಹೋಗಿ, ಇದು ನಿಮ್ಮದು, ಏನೇನು ಬೇಕು ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಮಂಚದ ಮೇಲಿಂದ ಬೀದಿ ಬಾಗಿಲು ಕಾಣಬೇಕು’ ಎಂದರು. ನಾನು ರಟ್ಟಿನ ಮಂಚವನ್ನು ತಿರುಗಿಸಿಟ್ಟೆ. ಬಚ್ಚಲಿಗೆ ಹೊಸಿಲು ಇಡಲಿಲ್ಲ. ಅದರ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದೆ. ವಯಸ್ಸಾದವರು ಒಳಗೆ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಮಂಚದಿಂದ ಅಲ್ಲಿಗೆ ಆರು ಹೆಜ್ಜೆ.

ಮನೆಗೆ ಮರಳಿದ ಮೊದಲ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವಂತೆ. ಏನಾಯಿತು ಎಂದೆ. ‘ಏನೂ ಸದ್ದಿಲ್ಲ ಕಣಮ್ಮ. ಹುಳ ಸೊಪ್ಪು ತಿನ್ನೋ ಸದ್ದು ಕೇಳ್ತಾ ಮಲಗಿದ ಜಾಗ’ ಎಂದರು. ಎರಡನೆಯ ರಾತ್ರಿ ನಾನೂ ಅಲ್ಲೇ ಚಾಪೆ ಹಾಸಿಕೊಂಡೆ. ಮೂರನೆಯ ರಾತ್ರಿ, ‘ನಿನ್ನ ರೂಮಿಗೆ ಹೋಗಿ ಮಲಕ್ಕೊ, ಇಲ್ಲಿ ನಂಗೆ ಜಾಗ ಸಾಲಲ್ಲ’ ಎಂದು ಕಳಿಸಿಬಿಟ್ಟರು.