ಪಗಾರದ ಬೌಲರ್: ಪಲ್ವಂಕರ್ ಬಾಳೂ ಮತ್ತು ವೃತ್ತಿಪರ ಆಟದ ಮೊದಲ ಘಟ್ಟ

1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ ಅವರನ್ನು ಭಾರತದ ಮೊದಲ ಪ್ರಸಿದ್ಧ ದಲಿತ ಕ್ರಿಕೆಟಿಗರೆಂದು ಚರಿತ್ರೆ ಗುರುತಿಸುತ್ತದೆ. ಅದು ಸರಿಯೇ. ಆದರೆ ಆಟಗಾರರೆನಿಸುವ ಮೊದಲೇ ಅವರು ಮೈದಾನದ ಕೂಲಿಯಾಳಾಗಿದ್ದರು. ಅವರ ಬೌಲಿಂಗ್ ಹದಗೊಂಡದ್ದು ಆ ದುಡಿಮೆಯಲ್ಲಿಯೇ ಎಂಬುದು ನನ್ನ ವಾದ.

ಪುಣೆಯ ಪಾರ್ಸಿ ಕ್ಲಬ್ಬೊಂದರಲ್ಲಿ ಅವರ ಮೊದಲ ಪಗಾರ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಕ್ಲಬ್ಬು ಸೇರಿದಾಗ ಅದು 4 ಆಯಿತು. ರೋಲರ್ ಎಳೆಯಬೇಕು, ಪಿಚ್ಚಿಗೆ ಗೆರೆ ಹಾಕಬೇಕು, ನೆಟ್ ಕಟ್ಟಬೇಕು. ಆಮೇಲೆ ಸಾಹೇಬರಿಗೆ ಬೌಲಿಂಗ್ ಮಾಡಬೇಕು. ಅವರಲ್ಲಿ ನುರಿತ ಬ್ಯಾಟುಗಾರನಾಗಿದ್ದ ಜೆ.ಜಿ. ಗ್ರೆಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂಗೆ 8 ಆಣೆ ಕೊಡುತ್ತಿದ್ದನೆಂಬ ಮಾತಿದೆ. ಅದು ನಿಜವಾದರೆ ಎಂಟು ಸಲ ಗ್ರೆಗ್‌ನನ್ನು ಔಟ್ ಮಾಡಿದರೆ ಒಂದು ತಿಂಗಳ ಪಗಾರ ಕೈಸೇರಿದಂತೆ! ಎಡಗೈ ಸ್ಪಿನ್ನಿನ ಮೇಲೆ ಅವರಿಗಿದ್ದ ಅಸಾಧಾರಣ ಹಿಡಿತವನ್ನು ಹುಟ್ಟುಪ್ರತಿಭೆ ಎಂದಷ್ಟೇ ಹೇಳಿ ಮುಗಿಸಲಾಗದು. ಗಂಟೆಗಟ್ಟಲೆ ಬೌಲಿಂಗ್ ಮಾಡಿದರೂ ಬ್ಯಾಟ್ ಹಿಡಿಯುವ ಅವಕಾಶ ಅಲ್ಲಿ ಅವರಿಗೆ ಸಿಗಲಿಲ್ಲ.

ದುಡ್ಡಿಗಾಗಿ ಆಡುವವರನ್ನು ಕೀಳಾಗಿ ಕಾಣುವುದು ಇಂಗ್ಲೆಂಡಿನಲ್ಲೂ ಇತ್ತು. ಆದರೆ ಅಮೆರಿಕದಲ್ಲಿ ಅದೇ ದುಡಿಮೆ ಬೇರೊಂದು ದಾರಿ ಹಿಡಿಯಿತು. 1835ರಲ್ಲಿ ಶೆಫೀಲ್ಡ್‌ನಲ್ಲಿ ಹುಟ್ಟಿದ ಹ್ಯಾರಿ ರೈಟ್ ಪಗಾರದ ಕ್ರಿಕೆಟಿಗನ ಮಗ, ತಾನೂ ಪಗಾರದ ಕ್ರಿಕೆಟಿಗ. 1869ರಲ್ಲಿ ಸಿನ್ಸಿನಾಟಿಯ ರೆಡ್ ಸ್ಟಾಕಿಂಗ್ಸ್ ಬೇಸ್‌ಬಾಲ್ ತಂಡದ ಎಲ್ಲರಿಗೂ ಬಹಿರಂಗವಾಗಿ ಸಂಬಳ ನಿಗದಿಯಾದಾಗ ಆ ತಂಡದ ನಾಯಕ ಅವನೇ.

ಪಗಾರದ ಆಟದಿಂದ ನಾಯಕತ್ವಕ್ಕೇರುವ ಆ ಮೆಟ್ಟಿಲು ಬಾಳೂಗೆ ಜಾತಿಯಿಂದಾಗಿ ದಕ್ಕಲಿಲ್ಲ. ಪುಣೆಯ ಹಿಂದೂ ತಂಡ ವಿಕೆಟ್ಟಿಗಾಗಿ ಅವರನ್ನು ಸೇರಿಸಿಕೊಂಡಿತು. ಚಹಾದ ಹೊತ್ತಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಲೋಟ ಕೊಟ್ಟಿತು. ಅವರು ಎಸೆದ ಚೆಂಡನ್ನು ಮುಟ್ಟಲು ಯಾರಿಗೂ ಮೈಲಿಗೆಯಾಗಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದ್ದರಲ್ಲಿ ಬಾಳೂ ಪಾಲು ದೊಡ್ಡದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಪಡೆದದ್ದು 114 ವಿಕೆಟ್. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. 1923ರಲ್ಲಿ ಅದು ತಮ್ಮ ವಿಠಲ್‌ಗೆ ಬರುವ ಹೊತ್ತಿಗೆ ಬಾಳೂ ಆಟ ನಿಲ್ಲಿಸಿದ್ದರು.