ಒಂದೇ ಸಲ ಕೂಗುವ ಎಚ್ಚರಿಕೆ: ಲಿನಕ್ಸ್ ವೈಫೈನಲ್ಲಿ 9 ಹೋಗಿ 11 ಬಂದ ಕಥೆ

ಇವತ್ತಿನ ಇತಿಹಾಸ ಚಿಕ್ಕದು. ಲಿನಕ್ಸ್ ಕರ್ನಲ್‌ನಲ್ಲಿದ್ದ 9 ಅನ್ನೋ ಅಂಕಿ 11 ಆಯ್ತು, ಅಷ್ಟೇ. ಆದರೆ ಆ 9ರ ದೆಸೆಯಿಂದ ಸರಿಯಾಗಿ ಬಂದ ಪ್ಯಾಕೆಟ್‌ಗಳೇ ಕಸದಬುಟ್ಟಿ ಸೇರುತ್ತಿದ್ದವು.

ಮೊದಲು ಹಿನ್ನೆಲೆ. 2007ರಲ್ಲಿ 2.6.22 ಕರ್ನಲ್ ಜೊತೆ ಮ್ಯಾಕ್80211 ಬಂತು. ಬೇರೆ ಬೇರೆ ಡ್ರೈವರ್‌ಗಳು ತಮ್ಮ ಪಾಡಿಗೆ ಮಾಡುತ್ತಿದ್ದ ವೈಫೈ ಕೆಲಸಕ್ಕೆ ಒಂದೇ ಮನೆ ಸಿಕ್ಕಿತು. ಡ್ರೈವರ್ ಪ್ಯಾಕೆಟ್ ಒಪ್ಪಿಸುವಾಗ ಅದು ಯಾವ ದರದಲ್ಲಿ ಬಂತು ಅಂತಲೂ ಹೇಳುತ್ತೆ. ಮ್ಯಾಕ್80211 ಅದನ್ನು ತಾಳೆ ನೋಡುತ್ತೆ. 2013ರ 802.11ಎಸಿ ಮಾನದಂಡದಲ್ಲಿ ದರದ ಮೆಟ್ಟಿಲುಗಳು, ಅಂದರೆ ಎಂಸಿಎಸ್, 0ಯಿಂದ 9ರವರೆಗೆ. ಅದಕ್ಕೇ ಕೋಡ್‌ನಲ್ಲೂ 9 ದಾಟಿದರೆ ಎಚ್ಚರಿಕೆ, ಪ್ಯಾಕೆಟ್ ಡ್ರಾಪ್.

ಚಿಪ್ ಮಾಡುವವರು ಅಲ್ಲಿಗೇ ನಿಲ್ಲಲಿಲ್ಲ. 256-ಕ್ವಾಮ್‌ನಲ್ಲಿ ಒಂದು ಸಂಕೇತಕ್ಕೆ 8 ಬಿಟ್, 1024-ಕ್ವಾಮ್‌ನಲ್ಲಿ 10. ಆ ಎರಡು ಬಿಟ್‌ಗಾಗಿ ಮಾನದಂಡದಲ್ಲಿಲ್ಲದ ಎಂಸಿಎಸ್ 10, 11 ಸೇರಿಸಿದರು.

ಇದು ಕಣ್ಣಿಗೆ ಬೀಳೋದು ಹೇಗೆ? ರಾಂಜಣಗಾಂವ ಅಂದ್ರೆ ಪುಣೆಯವರಿಗೆ ಮಹಾಗಣಪತಿ, ನನಗೆ ಎಂಐಡಿಸಿ. ಅಲ್ಲಿನ ಒಂದು ಶಾಪ್ ಫ್ಲೋರ್‌ನಲ್ಲಿ ಲಿನಕ್ಸ್ ಲ್ಯಾಪ್‌ಟಾಪ್‌ಗಳ ವರ್ತನೆ ವಿಚಿತ್ರ. ಆಕ್ಸೆಸ್ ಪಾಯಿಂಟ್ ಪಕ್ಕದಲ್ಲಿ ಫೈಲ್ ತೆವಳುತ್ತೆ, ದೂರ ಹೋದರೆ ಓಡುತ್ತೆ! ಎಲ್ಲರ ಅನುಮಾನ ವೆಲ್ಡಿಂಗ್ ಮೇಲೆ. "ಮಷೀನ್ ಬಂದ್ ಕರೂನ್ ಬಘಾ" ಅಂದರು ಸೂಪರ್‌ವೈಸರ್. ಬಂದ್ ಮಾಡಿಸಿದರೂ ಅದೇ ಕಥೆ. ಕರ್ನಲ್ ಲಾಗ್‌ನಲ್ಲಿ ಇಡೀ ದಿನಕ್ಕೆ ಒಂದೇ ಎಚ್ಚರಿಕೆ: ವಿಎಚ್‌ಟಿ ದರದ ಮಾಹಿತಿ ಸರಿಯಿಲ್ಲ, ಎಂಸಿಎಸ್ 10.

ಗುಟ್ಟು ಆ 'ಒಂದೇ' ಅನ್ನೋದರಲ್ಲಿತ್ತು. ಎಚ್ಚರಿಕೆ ಬರೆದಿರೋದು ವಾರ್ನ್_ಒನ್ಸ್‌ನಲ್ಲಿ. ಅದು ಕೂಗೋದು ಒಂದು ಸಲ, ಪ್ಯಾಕೆಟ್ ಎಸೆಯೋದು ಮಾತ್ರ ಪ್ರತಿ ಸಲ. ಅಷ್ಟರಲ್ಲಿ ಕಾರ್ಡ್ 'ತಲುಪಿತು' ಅಂತ ಆಕ್ಸೆಸ್ ಪಾಯಿಂಟ್‌ಗೆ ಉತ್ತರ ಕಳಿಸಿಯಾಗಿರುತ್ತೆ. ಹಾಗಾಗಿ ಅದು ಮತ್ತೆ ಕಳಿಸೋದೂ ಇಲ್ಲ, ದರ ಇಳಿಸೋದೂ ಇಲ್ಲ. ನಷ್ಟ ಕಾಣೋದು ಟಿಸಿಪಿಗೆ. ಅದು ವೇಗ ಇಳಿಸಿಕೊಳ್ಳುತ್ತೆ. ಹತ್ತಿರ ಹೋದಷ್ಟೂ ಸಿಗ್ನಲ್ ಚೆನ್ನ, ಸಿಗ್ನಲ್ ಚೆನ್ನಾಗಿದ್ದರೇ ಎಂಸಿಎಸ್ 10ರ ಪ್ರಯತ್ನ. ಹತ್ತಿರವಿದ್ದವರಿಗೇ ಕಷ್ಟ!

2022ರ ಆರಂಭದಲ್ಲಿ ರಿಯಲ್‌ಟೆಕ್‌ನ ಎಂಜಿನಿಯರ್ ಒಬ್ಬರ ಪ್ಯಾಚ್ ಬಂತು: ಮಿತಿ 9 ಅಲ್ಲ, 11. ಡ್ರಾಪ್ ಆಗಿ ಟಿಸಿಪಿ ವೇಗ ಕುಸಿಯುತ್ತೆ ಅನ್ನೋದೇ ಅವರು ಕೊಟ್ಟ ಕಾರಣ. ನಮ್ಮಲ್ಲೂ ಹೊಸ ಕರ್ನಲ್ ಹಾಕಿದ ಮೇಲೆ ವೈಫೈ ಸರಿಹೋಯ್ತು.

ಲಾಗ್‌ನಲ್ಲಿ ಒಂದೇ ಎಚ್ಚರಿಕೆ ಇದ್ದರೆ ತೊಂದರೆಯೂ ಒಂದೇ ಸಲ ಆಗಿದೆ ಅಂತ ಲೆಕ್ಕ ಹಾಕಬೇಡಿ. ಸೋರ್ಸ್ ತೆರೆದು ನೋಡಿ: ಅದು ಎಷ್ಟು ಸಲ ಕೂಗುತ್ತೆ, ಕೂಗಿದ ಮೇಲೆ ಪ್ಯಾಕೆಟ್‌ಗೆ ಏನು ಮಾಡುತ್ತೆ?